ಬೋರ್‌ವೆಲ್ ನೀರಿಗೆ ಒಗ್ಗಿದ ಹಳದಿ ಮೀನು

ದಾವಣಗೆರೆಯ ಬಹಳಷ್ಟು ಮನೆಗಳಲ್ಲಿ ಎರಡು ಬಗೆಯ ನೀರಿರುತ್ತದೆ. ಭದ್ರಾ ನಾಲೆಯಿಂದ ಕುಂದುವಾಡ ಕೆರೆಗೋ ಟಿ.ವಿ. ಸ್ಟೇಷನ್ ಕೆರೆಗೋ ಬಂದು, ಅಲ್ಲಿಂದ ಶುದ್ಧವಾಗಿ ನಲ್ಲಿಗೆ ಇಳಿಯುವುದು ಒಂದು. ಬೇಸಿಗೆಯಲ್ಲಿ ಅದು ಬರುವ ದಿನವನ್ನು ಕಾದು ಹಿಡಿದಿಟ್ಟುಕೊಳ್ಳಬೇಕು. ಇನ್ನೊಂದು ಬೋರ್‌ವೆಲ್ ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ, ಗೀಸರಿನ ಕಾಯಿಲ್ ವರ್ಷ ತುಂಬುವುದರೊಳಗೆ ಬಿಳಿ ಪೊರೆ ಕಟ್ಟಿಕೊಂಡು ಕೂರುತ್ತದೆ. ಅಕ್ವೇರಿಯಂ ಇಡುತ್ತೇನೆ ಎಂದರೆ ಈ ಊರಿನಲ್ಲಿ ಮೊದಲು ಸಿಗುವ ಉಪದೇಶ, ಆ ಗಡಸು ನೀರಿನ ಸಹವಾಸ ಬೇಡ, ಆರ್‌ಒ ನೀರು ತುಂಬಿಸಿ ಎಂಬುದು. ಒಂದು ಲೀಟರ್ ನೀರು ಕೊಡಲು ಅದಕ್ಕಿಂತ ಹೆಚ್ಚು ನೀರನ್ನು ಚರಂಡಿಗೆ ಬಿಡುವ ಯಂತ್ರವನ್ನು ಮೀನಿಗೋಸ್ಕರ ಓಡಿಸಲು ನನಗೆ ಮನಸ್ಸಾಗಲಿಲ್ಲ. ಇರುವ ನೀರಿಗೆ ಒಗ್ಗುವ ಮೀನನ್ನೇ ಹುಡುಕಿದರಾಯಿತು ಎಂದುಕೊಂಡೆ.

ಹುಡುಕಾಟ ಆಫ್ರಿಕಾದ ಮಲಾವಿ ಸರೋವರಕ್ಕೆ ಹೋಗಿ ನಿಂತಿತು. ಮಲಾವಿ, ಮೊಜಾಂಬಿಕ್, ತಾಂಜಾನಿಯಾ ಹಂಚಿಕೊಂಡಿರುವ ಆ ಸರೋವರ ಸುಮಾರು 700 ಮೀಟರ್ ಆಳವಿದೆ. ಜಗತ್ತಿನ ಬೇರೆ ಯಾವ ಸರೋವರದಲ್ಲೂ ಅಷ್ಟು ಜಾತಿಯ ಮೀನುಗಳಿಲ್ಲ. ಅವುಗಳಲ್ಲಿ ಹೆಚ್ಚಿನವು ಸಿಕ್ಲಿಡ್ ಕುಟುಂಬದವು. ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 7.7ರಿಂದ 8.6. ನಮ್ಮ ಬೋರ್‌ವೆಲ್ ನೀರಿನದನ್ನು ಹನಿ ಹಾಕಿ ಬಣ್ಣ ನೋಡುವ ಕಿಟ್‌ನಲ್ಲಿ ಪರೀಕ್ಷಿಸಿದರೆ 8ರ ಮೇಲೆಯೇ ಬಂತು. ಜಾತಕ ಕೂಡಿತು.

ಪೂರ್ತಿ ಕೂಡಿತು ಎನ್ನುವಂತಿಲ್ಲ. ಮಲಾವಿ ಮೀನಿಗೆ ಗಡಸು ನೀರು ಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆ ಸರೋವರದ ನೀರು ನಮ್ಮ ಬೋರ್‌ವೆಲ್ ನೀರಿನಷ್ಟು ಗಡಸೇನಲ್ಲ. ಅದರಲ್ಲಿ ಕರಗಿರುವ ಲವಣ ಮಿತವಾಗಿಯೇ ಇದೆ. ಇರುವುದು ಕ್ಷಾರಗುಣ, ಮತ್ತು ಅದು ಏರುಪೇರಾಗುವುದಿಲ್ಲ. ಹಾಗಾಗಿ ಅರ್ಧ ಬೋರ್‌ವೆಲ್ ನೀರು, ಅರ್ಧ ನಲ್ಲಿ ನೀರು ಬೆರೆಸುವುದೆಂದು ತೀರ್ಮಾನಿಸಿದೆ. ನಲ್ಲಿ ನೀರಿನ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಒಂದು ಡ್ರಮ್ಮಿನಲ್ಲಿ ನೀರು ಹಿಡಿದು, ಏರ್ ಪಂಪ್ ಬಿಟ್ಟು ಇಡೀ ದಿನ ಗುಳ್ಳೆಯೆಬ್ಬಿಸಿ, ಆಮೇಲೆ ಕ್ಲೋರಿನ್ ತೆಗೆಯುವ ದ್ರವದ ಕೆಲವು ಹನಿ ಹಾಕಿಯೇ ಬಳಸುತ್ತೇನೆ. ಆ ದ್ರವ ಬಹುಪಾಲು ಸೋಡಿಯಂ ಥಯೋಸಲ್ಫೇಟ್. ಅದಕ್ಕೆ ಅಷ್ಟೊಂದು ಬಣ್ಣಬಣ್ಣದ ಶೀಶೆಯ ಅಗತ್ಯವಿರಲಿಲ್ಲ.

ನಾನು ಆರಿಸಿದ ಮೀನನ್ನು ಅಂಗಡಿಗಳಲ್ಲಿ ಎಲೆಕ್ಟ್ರಿಕ್ ಯೆಲ್ಲೋ ಎನ್ನುತ್ತಾರೆ, ಸಾಕುವವರು ಯೆಲ್ಲೋ ಲ್ಯಾಬ್ ಎನ್ನುತ್ತಾರೆ. ವೈಜ್ಞಾನಿಕ ಹೆಸರು ಲ್ಯಾಬಿಡೋಕ್ರೋಮಿಸ್ ಸೆರುಲಿಯಸ್. 1956ರಲ್ಲಿ ಜೆಫ್ರಿ ಫ್ರೈಯರ್ ಎಂಬ ವಿಜ್ಞಾನಿ ಇದನ್ನು ವಿವರಿಸಿ ಹೆಸರಿಟ್ಟರು. ಮೈಯೆಲ್ಲ ಹಳದಿ, ಬೆನ್ನಿನ ರೆಕ್ಕೆಯುದ್ದಕ್ಕೂ ಒಂದು ಕಪ್ಪು ಪಟ್ಟಿ. ದೊಡ್ಡದಾದರೆ ಹತ್ತು ಸೆಂಟಿಮೀಟರ್. ಬಂಡೆಗಳ ಸಂದಿಯಲ್ಲಿ ಬದುಕುವ ಮಲಾವಿ ಮೀನುಗಳು ಸಾಮಾನ್ಯವಾಗಿ ಜಗಳಗಂಟಿಗಳು, ಅವುಗಳ ಪೈಕಿ ಇದು ಸಾಧು. ನನ್ನನ್ನು ಸೆಳೆದದ್ದು ಬಣ್ಣವಲ್ಲ, ಇದರ ತಾಯಿ ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ ಎಂಬ ಸಂಗತಿ.

ನಮ್ಮದು ಮೀನು ಮಾಂಸ ಮುಟ್ಟದ ಮನೆ. ಅತ್ತೆಯವರು ತೊಟ್ಟಿಗೆ ಅಡ್ಡಿ ಹೇಳಲಿಲ್ಲ, ಒಂದು ಕರಾರು ಹಾಕಿದರು: "ಏನಾದರೂ ಸಾಕಿಕೋ ಅಮ್ಮ, ಆ ಹುಳು ಗಿಳು ತಂದು ನನ್ನ ಫ್ರಿಜ್ಜಿನಲ್ಲಿ ಮಾತ್ರ ಇಡಬೇಡ." ಅದೃಷ್ಟವಶಾತ್ ಈ ಮೀನಿಗೆ ಕೆಂಪು ಹುಳುವಿನಂಥ ಆಹಾರ ಅತಿಯಾಗುವುದು ಒಳ್ಳೆಯದೂ ಅಲ್ಲ, ಹೊಟ್ಟೆ ಉಬ್ಬರಿಸಿ ಸಾಯಬಹುದು ಎನ್ನುತ್ತಾರೆ. ಸ್ಪಿರುಲಿನಾ ಬೆರೆಸಿದ ಸಣ್ಣ ಗುಳಿಗೆ ತಂದೆ. ಅದು ಪಾಚಿಯ ಪುಡಿ ಎಂದಾಗ ಅತ್ತೆಯವರು ತಲೆದೂಗಿದರು. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಮೀನಿನ ಹುಡಿ ಎಂದೂ ಅಚ್ಚಾಗಿದೆ. ಅಷ್ಟು ಸಣ್ಣ ಅಕ್ಷರ ಅವರಿಗೆ ಕಾಣುವುದಿಲ್ಲ, ನಾನೂ ಓದಿ ಹೇಳಲು ಹೋಗಲಿಲ್ಲ.

ತೊಟ್ಟಿ ಮೂರು ಅಡಿ ಉದ್ದದ್ದು, ಸುಮಾರು 150 ಲೀಟರ್ ಹಿಡಿಯುತ್ತದೆ. ನೀರು, ಕಲ್ಲು, ಗಾಜು ಸೇರಿದರೆ ಇನ್ನೂರು ಕಿಲೋ ದಾಟುವ ತೂಕವಾದ್ದರಿಂದ ಟೀಪಾಯಿ ಮೇಲೆ ಇಡುವ ಮಾತೇ ಇಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದೆವು. ಹರಿಹರದ ಕಡೆ ಹೋದಾಗಲೆಲ್ಲ ಯಜಮಾನರು ತುಂಗಭದ್ರೆಯ ದಡದಿಂದ ದುಂಡು ಕಲ್ಲುಗಳನ್ನು ಸ್ಕೂಟರಿನಲ್ಲಿ ಹೊತ್ತು ತಂದರು. ಈ ಮೀನುಗಳು ಮರಳು ತೋಡುತ್ತವೆ. ಮರಳಿನ ಮೇಲೆ ಕಲ್ಲಿಟ್ಟರೆ ಅಡಿಯ ಮರಳು ಖಾಲಿಯಾಗಿ ಕಲ್ಲು ಉರುಳಿ ಗಾಜು ಒಡೆಯಬಹುದು. ಹಾಗಾಗಿ ತಳಕ್ಕೆ ಥರ್ಮಾಕೋಲ್ ಹಾಳೆ, ಅದರ ಮೇಲೆ ಕಲ್ಲಿನ ರಾಶಿ, ಕೊನೆಗೆ ಸುತ್ತ ಮರಳು. ಎಂ-ಸ್ಯಾಂಡ್ ತೊಳೆದಷ್ಟೂ ಧೂಳು ಬಿಡುತ್ತಲೇ ಇತ್ತು. ಅದನ್ನು ಹಿತ್ತಿಲಿಗೆ ಸುರಿದು, ಯಾರದೋ ಮನೆ ಕಟ್ಟಿ ಉಳಿದಿದ್ದ ಹೊಳೆಮರಳು ಬೇಡಿ ತಂದೆ.

ನೀರು ತುಂಬಿದ ಮೇಲೆ ಮೀನಿಲ್ಲದ ತೊಟ್ಟಿಯನ್ನು ವಾರಗಟ್ಟಲೆ ಓಡಿಸಬೇಕಾಯಿತು. ಮೀನಿನ ಹಿಕ್ಕೆ, ಉಳಿದ ಆಹಾರ ಎಲ್ಲವೂ ಕೊಳೆತು ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡು ವಿಷ, ಮೂರನೆಯದನ್ನು ವಾರಕ್ಕೊಮ್ಮೆ ನೀರು ಬದಲಿಸಿ ಹೊರಹಾಕಬಹುದು. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನಮ್ಮಂಥ ನೀರಿನಲ್ಲಿ ಇದನ್ನು ತಪ್ಪಿಸಿಕೊಳ್ಳುವಂತೆಯೇ ಇಲ್ಲ, ಏಕೆಂದರೆ ಅಮೋನಿಯಾದ ವಿಷ ಪಿಎಚ್ ಏರಿದಂತೆ ಏರುತ್ತದೆ. 25 ಡಿಗ್ರಿ ಉಷ್ಣಾಂಶದಲ್ಲಿ, ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ನಿಜವಾಗಿ ವಿಷವಾಗಿರುವ ಪಾಲು ಶೇಕಡಾ ಒಂದಕ್ಕಿಂತ ಕಡಿಮೆ. 8ಕ್ಕೆ ಏರಿದರೆ ಅದು ಶೇಕಡಾ ಐದನ್ನು ದಾಟುತ್ತದೆ. ಆರ್‌ಒ ನೀರಿನಲ್ಲಿ ಅವಸರ ಮಾಡಿದವರ ಮೀನು ಹೇಗೋ ಬದುಕೀತು, ಬೋರ್‌ವೆಲ್ ನೀರಿನಲ್ಲಿ ಬದುಕುವುದಿಲ್ಲ. ಪಿ.ಬಿ. ರಸ್ತೆಯ ಹಿಂದಿನ ಓಣಿಯಲ್ಲಿ ಮೀನಿನಂಗಡಿ ಇಟ್ಟಿರುವ ಹುಡುಗ ತನ್ನ ತೊಟ್ಟಿಯ ಹಳೆಯ ಸ್ಪಂಜನ್ನು ನಮ್ಮ ನೀರಿನಲ್ಲಿ ಹಿಂಡಿಕೊಳ್ಳಲು ಕೊಟ್ಟ. ನೋಡಲು ಅಸಹ್ಯವಾದ ಆ ಕಂದು ಗಸಿ ನಮ್ಮ ಕಾಯುವಿಕೆಯನ್ನು ಎಷ್ಟೋ ಕಡಿಮೆ ಮಾಡಿತು.

ಮೀನು ಕೊಳ್ಳುವಾಗ ಅವನೇ ಕೇಳಿದ: "ಅಕ್ಕ, ಬರೀ ಹಳದಿಯೇ ಸಾಕೇ? ನೀಲಿ, ಕೆಂಪು ಮಿಕ್ಸ್ ಮಾಡಿ ಕೊಡುತ್ತೇನೆ, ಚೆಂದ ಕಾಣುತ್ತದೆ." ಚೆಂದ ಕಾಣುವುದೇನೋ ನಿಜ. ಆದರೆ ಮಲಾವಿಯ ಈ ಮೀನುಗಳು ತೊಟ್ಟಿಯಲ್ಲಿ ಜಾತಿ ನೋಡದೆ ಕೂಡುತ್ತವೆ. ಹುಟ್ಟುವ ಮಿಶ್ರ ಮರಿಗಳನ್ನು ಯಾವ ಹೆಸರಿನಲ್ಲಿ ಯಾರಿಗೆ ಕೊಡುವುದು? ಮರಿ ಮಾಡಿಸುವ ಆಸೆಯಿದ್ದರೆ ಒಂದೇ ಜಾತಿ ಇಡಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಎಂಟು ಮರಿ ತಂದೆ. ಚಿಕ್ಕವಿದ್ದಾಗ ಗಂಡು ಹೆಣ್ಣು ಗುರುತಿಸಲಾಗದ್ದರಿಂದ ಗುಂಪಾಗಿ ತಂದು ಬೆಳೆಸುವುದೇ ದಾರಿ. ಗಂಡೊಂದಕ್ಕೆ ಮೂರಾದರೂ ಹೆಣ್ಣಿದ್ದರೆ ಅದರ ಕಾಟ ಹಂಚಿಹೋಗುತ್ತದೆ.

ತಿಂಗಳುಗಳು ಕಳೆದಂತೆ ಒಂದು ಮೀನಿನ ಹೊಟ್ಟೆಯ ಕಡೆಯ ರೆಕ್ಕೆಗಳು ಮಸಿ ಬಳಿದಷ್ಟು ಕಪ್ಪಾದವು. ಅದು ಎಡಮೂಲೆಯ ಚಪ್ಪಟೆ ಕಲ್ಲಿನ ಕೆಳಗೆ ಮರಳು ತೋಡಿ ಗುಂಡಿ ಮಾಡಿ, ಹತ್ತಿರ ಬಂದವರನ್ನೆಲ್ಲ ಅಟ್ಟತೊಡಗಿತು. ಮಗ ಅದಕ್ಕೆ ಪಾಳೇಗಾರ ಎಂದು ಹೆಸರಿಟ್ಟ. ಶಾಲೆಯಿಂದ ಆಗಷ್ಟೇ ಚಿತ್ರದುರ್ಗದ ಕೋಟೆ ನೋಡಿ ಬಂದಿದ್ದ. ಪಾಳೇಗಾರ ಎರಡನೆಯ ಗಂಡನ್ನು ಮೇಲ್ಮೂಲೆ ಬಿಟ್ಟು ಕದಲದಂತೆ ಮಾಡಿದಾಗ ಅದನ್ನು ಅಂಗಡಿಗೆ ವಾಪಸು ಕೊಟ್ಟೆ.

ಮೊಟ್ಟೆಯಿಡುವುದನ್ನು ಕಣ್ಣಾರೆ ಕಂಡದ್ದು ಒಂದು ಭಾನುವಾರ ಬೆಳಗ್ಗೆ. ಗಂಡು ಮೈ ಅದುರಿಸುತ್ತ ಹೆಣ್ಣನ್ನು ಗುಂಡಿಯತ್ತ ಕರೆಯಿತು. ಇಬ್ಬರೂ ಒಬ್ಬರ ಬಾಲದ ಬಳಿ ಇನ್ನೊಬ್ಬರ ತಲೆ ಬರುವಂತೆ ಸುತ್ತತೊಡಗಿದರು. ಒಂದು ಮೊಟ್ಟೆ ಬಿತ್ತು. ಸಾಬೂದಾನಿಯ ಕಾಳಿಗೆ ತುಸು ಅರಿಸಿನ ಹಚ್ಚಿದರೆ ಹೇಗೋ ಹಾಗೆ. ಅದು ಮರಳಿನಲ್ಲಿ ಕೂರುವ ಮೊದಲೇ ಹೆಣ್ಣು ತಿರುಗಿ ಬಾಯಿಗೆ ತೆಗೆದುಕೊಂಡಿತು, ಆಮೇಲೆ ಗಂಡಿನ ಗುದದ ರೆಕ್ಕೆಗೆ ಮೂತಿ ತಾಗಿಸಿತು. ವೀರ್ಯ ಅಲ್ಲಿ ಬಾಯಿಗೆ ಸೇರಿ, ಮೊಟ್ಟೆ ಫಲಿತವಾಗುವುದು ತಾಯಿಯ ಬಾಯೊಳಗೆ. ಆಫ್ರಿಕಾದ ಇಂಥ ಎಷ್ಟೋ ಮೀನುಗಳಲ್ಲಿ ಗಂಡಿನ ಆ ರೆಕ್ಕೆಯ ಮೇಲೆ ಮೊಟ್ಟೆಯದೇ ಬಣ್ಣದ, ಗಾತ್ರದ ಚುಕ್ಕೆಗಳಿರುತ್ತವೆ. ಹೆಣ್ಣು ಅದನ್ನೂ ಮೊಟ್ಟೆಯೆಂದು ತಿಳಿದು ಹೆಕ್ಕಲು ಹೋಗುತ್ತದೆ ಎಂದು ಜರ್ಮನಿಯ ವೋಲ್ಫ್‌ಗಾಂಗ್ ವಿಕ್ಲರ್ 1962ರಲ್ಲಿ ವಿವರಿಸಿದರು. ನಮ್ಮ ಪಾಳೇಗಾರನ ಕಪ್ಪು ರೆಕ್ಕೆಯಲ್ಲಿ ಚುಕ್ಕೆ ಇದ್ದೂ ಇಲ್ಲದಂತಿತ್ತು, ಆದರೂ ಹೆಣ್ಣು ಮೂತಿ ತಾಗಿಸುವುದನ್ನು ಬಿಡಲಿಲ್ಲ. ವಿಕ್ಲರ್ ನಂತರ ಬೇರೆಯವರು ನಡೆಸಿದ ಪ್ರಯೋಗಗಳಲ್ಲಿ ಚುಕ್ಕೆಯಿಲ್ಲದ ಗಂಡುಗಳ ಜೊತೆಗೂ ಮೊಟ್ಟೆಗಳು ಫಲಿತವಾದದ್ದುಂಟು. ಗಂಡಿನ ಮೋಸ, ಹೆಣ್ಣಿನ ಪೆದ್ದುತನ ಎಂದು ಈ ಕಥೆಯನ್ನು ರಸವತ್ತಾಗಿ ಹೇಳುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ.

ಅಂದಿನಿಂದ ಆ ಹೆಣ್ಣು ಆಹಾರ ಮುಟ್ಟಲಿಲ್ಲ. ಗದ್ದದ ಕೆಳಗಿನ ಚರ್ಮ ಚೀಲದಂತೆ ಇಳಿಬಿದ್ದಿತ್ತು. ಗುಳಿಗೆ ಹಾಕಿದರೆ ಹತ್ತಿರದವರೆಗೆ ಬಂದು ನೋಡಿ ಹಿಂದೆ ಸರಿಯುತ್ತಿತ್ತು. ಆಗಾಗ ಏನನ್ನೋ ಅಗಿಯುವಂತೆ ಬಾಯಾಡಿಸುತ್ತಿತ್ತು. ಅದು ಅಗಿಯುವುದಲ್ಲ, ಮೊಟ್ಟೆಗಳನ್ನು ಹೊರಳಿಸಿ ಎಲ್ಲಕ್ಕೂ ಹೊಸ ನೀರು ತಾಗುವಂತೆ ಮಾಡುವುದು. ಕೆಲವು ದಿನ ಕಳೆದು ನೋಡಿದರೆ ಗದ್ದ ಸಪಾಟಾಗಿದೆ, ಎಲ್ಲರ ಜೊತೆ ಸೇರಿ ಗಬಗಬ ತಿನ್ನುತ್ತಿದೆ. ಮೊದಲ ಸಲದ ತಾಯಂದಿರು ಹೀಗೆ ನುಂಗಿಬಿಡುವುದು ಸಾಮಾನ್ಯ. ಫಲಿತವಾಗದ ಮೊಟ್ಟೆಗಳನ್ನೂ ಉಳಿಸಿಕೊಳ್ಳುವುದಿಲ್ಲ. ಮಗ ಒಂದು ದಿನ ತೊಟ್ಟಿಯ ಕಡೆ ತಿರುಗಿ ನೋಡಲಿಲ್ಲ.

ಮುಂದಿನ ಸಲಕ್ಕೆ ತಾಯಿ ಪಳಗಿದ್ದಳು. ಇಲ್ಲಿ ಒಂದು ವಾದವಿದೆ. ಮರಿಗಳನ್ನು ದೊಡ್ಡ ತೊಟ್ಟಿಯಲ್ಲೇ ಬಿಡಲು ಬಿಟ್ಟರೆ ಉಳಿದ ಮೀನುಗಳೇ ಅವನ್ನು ತಿಂದು ಮುಗಿಸುತ್ತವೆ. ಹಾಗಾಗಿ ಹಲವರು ಎರಡು ವಾರ ದಾಟಿದ ಮೇಲೆ ತಾಯಿಯನ್ನು ಕೈಯಲ್ಲಿ ಹಿಡಿದು, ನೀರಿನಲ್ಲಿ ತಲೆಕೆಳಗಾಗಿಸಿ, ಕೆಳದವಡೆಯನ್ನು ಮೆಲ್ಲಗೆ ಬಿಡಿಸಿ ಮರಿಗಳನ್ನು ಹೊರಗೆ ಬೀಳಿಸಿಕೊಳ್ಳುತ್ತಾರೆ. ಅಂಗಡಿಯ ಹುಡುಗ ಹಲ್ಲುಕಡ್ಡಿ ಸಾಕು ಎಂದ. ಮಾಡುವವರ ಕೈ ಪಳಗಿದ್ದರೆ ತಾಯಿಗೆ ಪೆಟ್ಟಾಗುವುದಿಲ್ಲ, ಮಾರಾಟಕ್ಕೆ ಸಾಕುವವರಿಗೆ ಅದು ಬೇಕಾದದ್ದೇ ಇರಬಹುದು. ಮನೆಯ ತೊಟ್ಟಿಗೆ ಅದರ ಅಗತ್ಯ ನನಗೆ ಕಾಣಲಿಲ್ಲ. ಎರಡಡಿಯ ಇನ್ನೊಂದು ತೊಟ್ಟಿಯಿಟ್ಟು, ದೊಡ್ಡ ತೊಟ್ಟಿಯದೇ ನೀರು ತುಂಬಿ, ಅಲ್ಲೇ ಓಡುತ್ತಿದ್ದ ಸ್ಪಂಜ್ ಫಿಲ್ಟರನ್ನು ತಂದಿಟ್ಟೆ. ಅಡಗಿಕೊಳ್ಳಲು ಪ್ಲಂಬರ್ ಬಿಟ್ಟು ಹೋಗಿದ್ದ ಪಿವಿಸಿ ಪೈಪಿನ ತುಂಡುಗಳು.

ಸಾಗಿಸುವುದೇ ನಾಜೂಕಿನ ಕೆಲಸ. ಬಲೆಯಲ್ಲಿ ಹಿಡಿದು ಎತ್ತಿದರೆ ಗಾಬರಿಯಲ್ಲಿ ಮೊಟ್ಟೆ ಉಗುಳುತ್ತವೆ. ರಾತ್ರಿ ದೀಪ ಆರಿಸಿ ಒಂದು ಗಂಟೆ ಬಿಟ್ಟು, ಮೊಬೈಲಿನ ಮಂದ ಬೆಳಕಿನಲ್ಲಿ, ನಿದ್ದೆಗಣ್ಣಿನ ಮೀನನ್ನು ಪಾರದರ್ಶಕ ಡಬ್ಬಿಯೊಳಗೆ ಮೆಲ್ಲಗೆ ಸರಿಸಿಕೊಂಡು ನೀರಿನ ಸಮೇತ ಎತ್ತಿದೆ. ಕಲ್ಲೊಂದನ್ನು ಮೊದಲೇ ತೆಗೆದಿಟ್ಟದ್ದರಿಂದ ಅಟ್ಟಾಡಿಸುವ ಪ್ರಮೇಯ ಬರಲಿಲ್ಲ.

ಅತ್ತೆಯವರು ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಳ್ಳಲು ಶುರುಮಾಡಿದ್ದು ಆಗಲೇ. ಶ್ರಾವಣ ಸೋಮವಾರದ ಒಪ್ಪತ್ತಿನವರಿಗೆ ಮೂರು ನಾಲ್ಕು ವಾರದ ಉಪವಾಸ ಎಂದರೆ ಆಸಕ್ತಿ ಹುಟ್ಟದೇ ಇರುತ್ತದೆಯೇ? "ಹಸಿವಾದಾಗ ನುಂಗದೆ ಹೇಗಿರುತ್ತಾಳೆ?" ಎಂದು ಕೇಳಿದರು. ಈ ಮೀನಿನ ಲೆಕ್ಕಾಚಾರ ಹೇಳಿದೆ. ಕಾಟ್ಲಾ, ರೋಹುಗಳು ಲಕ್ಷಗಟ್ಟಲೆ ಮೊಟ್ಟೆಯಿಟ್ಟು ಹರಿಯುವ ನೀರಿಗೆ ಬಿಟ್ಟು ಹೋಗುತ್ತವೆ. ಉಳಿದದ್ದು ಉಳಿಯಲಿ ಎಂಬ ಬಾಳು. ಇದು ಇಡುವುದು ಹತ್ತು ಇಪ್ಪತ್ತು, ಹೆಚ್ಚೆಂದರೆ ಮೂವತ್ತು. ಒಂದೊಂದರಲ್ಲೂ ಮರಿಗೆ ವಾರಗಟ್ಟಲೆ ಸಾಲುವಷ್ಟು ಭಂಡಾರವನ್ನು ತುಂಬಿಟ್ಟಿರುತ್ತದೆ. ಮೊಟ್ಟೆ ಬಾಯೊಳಗೇ ಒಡೆದು, ಮರಿ ಹೊಟ್ಟೆಗಂಟಿದ ಆ ಭಂಡಾರವನ್ನು ಕರಗಿಸಿಕೊಂಡು, ಈಜು ಬರುವವರೆಗೂ ಒಳಗೇ ಇರುತ್ತದೆ.

ಇದನ್ನೆಲ್ಲ ಅಂಗಡಿಯ ಹುಡುಗನಿಗೆ ಹೇಳಿದರೆ ಅವನು ನಕ್ಕ. ಅವನ ತಂದೆ ಕೆರೆಗಳಲ್ಲಿ ಬಲೆ ಹಾಕುವವರು. "ಇದಕ್ಕೆ ಆಫ್ರಿಕಾಕ್ಕೆ ಯಾಕೆ ಹೋಗಬೇಕು ಅಕ್ಕ? ನಮ್ಮ ಜಿಲೇಬಿ ಮೀನಿನ ಬಾಯಲ್ಲೂ ಮರಿ ಇರುತ್ತವೆ. ಬಲೆಯಿಂದ ಬಿಡಿಸುವಾಗ ನಮ್ಮಪ್ಪನ ಅಂಗೈಗೇ ಉಗುಳುತ್ತವೆ." ಜಿಲೇಬಿ ಎಂದರೆ ತಿಲಾಪಿಯಾ. ಅದೂ ಆಫ್ರಿಕಾದ್ದೇ, 1952ರಲ್ಲಿ ಭಾರತಕ್ಕೆ ತಂದದ್ದು. ಈಗ ನಮ್ಮ ಕೆರೆಗಳಲ್ಲಿ ಅದು ಊರಿನ ಮೀನೇ ಆಗಿಹೋಗಿದೆ. ಮರಿಗಳು ಹೊರಗೆ ಈಜಾಡುವಾಗ ಅಪಾಯ ಕಂಡರೆ ಜಿಲೇಬಿ ಮೀನಿನ ತಾಯಿ ಮತ್ತೆ ಬಾಯಿ ತೆರೆದು ಒಳಗೆ ಸೇರಿಸಿಕೊಳ್ಳುತ್ತದೆ. ಹೀಗೆ ಕಾಪಾಡಿಕೊಂಡೇ ಅದು ದೇಶದ ಎಷ್ಟೋ ಕೆರೆಗಳನ್ನು ತುಂಬಿಕೊಂಡಿತು.

ನಮ್ಮ ಹಳದಿ ತಾಯಿಯದು ಬೇರೆ ರೀತಿ. ಒಂದು ಸಂಜೆ ಪೈಪಿನ ಬಾಯಲ್ಲಿ ಬೂದು ಹಳದಿಯ ಪುಟ್ಟ ಮರಿಗಳು ಕಂಡವು, ಒಂದೊಂದೂ ಸೆಂಟಿಮೀಟರಿನಷ್ಟು, ಆಕಾರದಲ್ಲಿ ಪೂರ್ತಿ ಮೀನೇ. ತಾಯಿ ಬಿಟ್ಟದ್ದೇ ಬಿಟ್ಟದ್ದು, ತಿರುಗಿ ಕರೆಯಲಿಲ್ಲ. ಬಂಡೆಗಳ ಸಂದಿಯಲ್ಲಿ ಬಾಳುವ ಮಲಾವಿ ಮೀನುಗಳ ಪದ್ಧತಿಯೇ ಅದು. ಸಂದಿಯೇ ಮರಿಗಳ ಮುಂದಿನ ಆಸರೆ. ಅತ್ತೆಯವರಿಗೆ ಇದು ಹಿಡಿಸಲಿಲ್ಲ. "ಇಷ್ಟು ದಿನ ಹೊತ್ತವಳು ಒಂದು ವಾರ ನೋಡಿಕೊಳ್ಳಬಾರದೇ?" ಎಂದರು. ನಾನು ತಾಯಿಯ ಪರ. ಬೆನ್ನು ಕತ್ತಿಯಂತಾಗಿ ಹೊಟ್ಟೆ ಒಳಗೆ ಸೇರಿತ್ತು. ಅದನ್ನು ಆ ಸ್ಥಿತಿಯಲ್ಲಿ ದೊಡ್ಡ ತೊಟ್ಟಿಗೆ ಬಿಟ್ಟರೆ ಉಳಿದವು ಕುಕ್ಕಿ ಹಣ್ಣುಮಾಡುತ್ತವೆ. ತಾಯಿಗೂ ಮರಿಗಳಿಗೂ ನಡುವೆ ಜರಡಿಯಂಥ ತಡೆ ಇಟ್ಟು, ಕೆಲವು ದಿನ ಚೆನ್ನಾಗಿ ತಿನ್ನಿಸಿ, ಕಲ್ಲುಗಳ ಜಾಗವನ್ನು ತುಸು ಬದಲಿಸಿ ಎಲ್ಲರ ಗಡಿಯನ್ನೂ ಕಲಸಿದ ಮೇಲೆಯೇ ವಾಪಸು ಬಿಟ್ಟೆ.

ಮರಿ ಸಾಕುವುದು ಅಂದುಕೊಂಡಷ್ಟು ಕಷ್ಟವಿಲ್ಲ. ಬಾಯಿ ದೊಡ್ಡದಾದ್ದರಿಂದ ಮೊದಲ ದಿನದಿಂದಲೇ ಗುಳಿಗೆಯ ಪುಡಿ ತಿನ್ನುತ್ತವೆ. ಆರ್ಟೀಮಿಯಾ ಎಂಬ ಸೀಗಡಿಯಂಥ ಪುಟ್ಟ ಜೀವಿಯ ಮೊಟ್ಟೆಗಳನ್ನು ಉಪ್ಪುನೀರಿನಲ್ಲಿ ಒಡೆಸಿ ಕೊಟ್ಟರೆ ಬೇಗ ಬೆಳೆಯುತ್ತವೆ ಎನ್ನುತ್ತಾರೆ, ಅತ್ತೆಯವರ ಕರಾರು ನೆನೆದು ಅದಕ್ಕೆ ಹೋಗಲಿಲ್ಲ. ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಹಾಕಬೇಕು, ತಳಕ್ಕೆ ಬಿದ್ದದ್ದನ್ನು ಸಣ್ಣ ಪೈಪಿನಲ್ಲಿ ಎಳೆದು ತೆಗೆಯಬೇಕು. ಅಷ್ಟೇ.

ಕಷ್ಟ ಕೊಟ್ಟದ್ದು ಬೇಸಿಗೆ. ಏಪ್ರಿಲ್ ಮೇ ತಿಂಗಳಿನಲ್ಲಿ ಇಲ್ಲಿನ ಬಿಸಿಲು ಗೊತ್ತಿರುವುದೇ. ತೊಟ್ಟಿಯ ನೀರು 30 ಡಿಗ್ರಿ ದಾಟಿದರೆ ಅದರಲ್ಲಿ ಕರಗಿರುವ ಆಮ್ಲಜನಕ ಇಳಿಯುತ್ತದೆ. ಆ ಹೊತ್ತಿಗೇ ಕರೆಂಟು ಹೋದರೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಏರ್ ಪಂಪಿಗೆ ಬೇಕಾಗುವುದು ಕೆಲವೇ ವ್ಯಾಟ್. ಮನೆಯ ಯುಪಿಎಸ್‌ಗೆ ಟಿ.ವಿ.ಗಿಂತ ಮೊದಲು ಅದನ್ನು ಜೋಡಿಸಿದೆವು, ಕ್ರಿಕೆಟ್ಟಿನ ಕಾಲವಾದ್ದರಿಂದ ಮನೆಯಲ್ಲಿ ಸಣ್ಣ ಚರ್ಚೆಯಾಯಿತು. ತೊಟ್ಟಿಯ ಮುಚ್ಚಳ ತೆಗೆದು ಬಲೆ ಹಾಸಿ, ನೀರಿನ ಮೇಲೆ ಟೇಬಲ್ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ತಣಿಯುತ್ತದೆ. ಆದರೆ ನೀರು ಆವಿಯಾಗುತ್ತದೆ, ಲವಣ ಹಿಂದೆ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟನ್ನು ತುಂಬಲು ಬೋರ್‌ವೆಲ್ ನೀರು ಬಳಸುವುದಿಲ್ಲ, ನಲ್ಲಿ ನೀರನ್ನೇ ಹಾಕುತ್ತೇನೆ. ಬೇಸಿಗೆಯಲ್ಲಿ ನಲ್ಲಿ ನೀರಿಗೂ ಪರದಾಟ. ಅದಕ್ಕೆಂದೇ ಒಂದು ಕ್ಯಾನ್ ಮೀಸಲು.

ಮರಿಗಳು ಬೆರಳುದ್ದವಾಗುವ ಹೊತ್ತಿಗೆ ಜಾಗ ಸಾಲದಾಯಿತು. ಹೆಚ್ಚಾದವನ್ನು ಕೆರೆಗೆ ಬಿಟ್ಟರೆ ಪುಣ್ಯವಲ್ಲವೇ ಎಂದು ಬಂಧುವೊಬ್ಬರು ಕೇಳಿದರು. ಜಿಲೇಬಿ ಮೀನಿನ ಕಥೆ ಅವರಿಗೂ ಹೇಳಬೇಕಾಯಿತು. ಅಂಗಡಿಯ ಹುಡುಗ ಮರಿ ತೆಗೆದುಕೊಂಡು ಗುಳಿಗೆಯ ಡಬ್ಬಿ ಕೊಡುತ್ತಾನೆ. ಬೋರ್‌ವೆಲ್ ನೀರಿನಲ್ಲೇ ಹುಟ್ಟಿ ಬೆಳೆದ ಮರಿಗಳು ಹೊರಗಿನಿಂದ ಬಂದವುಗಳಂತೆ ಗಿರಾಕಿಯ ಮನೆಯಲ್ಲಿ ಸಾಯುವುದಿಲ್ಲವೆಂದು ಅವನ ಲೆಕ್ಕ. ಹರಿಹರದ ಕಡೆಯ, ಹೊಳೆ ನೀರು ಬಳಸುವವರಿಗೆ ಕೊಡುವಾಗ ಮಾತ್ರ, ಕ್ಷಾರಗುಣ ಉಳಿಯಲೆಂದು, ಒಂದು ಹಿಡಿ ಸುಣ್ಣದಕಲ್ಲಿನ ಚೂರನ್ನು ಫಿಲ್ಟರಿನಲ್ಲಿ ಹಾಕಿಕೊಳ್ಳಲು ಹೇಳುತ್ತೇನೆ. ಮತ್ತೊಂದು ಗುಂಪು ಮರಿ ಬೇಕೆಂದು ಅವನು ಮೊನ್ನೆ ಫೋನ್ ಮಾಡಿದ್ದ. ಮಳೆ ಹಿಡಿಯುವವರೆಗೆ ಕೊಡುವುದಿಲ್ಲ, ಈ ಬಿಸಿಲಿಗೆ ಪ್ಲಾಸ್ಟಿಕ್ ಚೀಲದಲ್ಲಿ ಅವು ತಡೆಯುವುದಿಲ್ಲ ಎಂದೆ. ಜೂನ್‌ನಲ್ಲಿ ಬರುತ್ತಾನಂತೆ.